ತುಂಗಾ ಇಲ್ಲದ ಸಿಡಿ

ಭಾಗ 1/7: ಅಟ್ಟದ ಮೇಲಿನ ಡಬ್ಬ

ಮೊದಲ ಫೋಟೋ ನೋಡಿ. ಮಾರ್ಕರ್ ಪೆನ್ನಲ್ಲಿ "ಎಕ್ಸ್‌ಪಿ ಎಸ್‌ಪಿ2 + ಡ್ರೈವರ್, ಫೈನಲ್" ಅಂತ ಬರೆದಿರೋ ಸಿಡಿ. ಅದರ ಪಕ್ಕದ್ದು "ಫೈನಲ್ 2". ಕೆಳಗಿನದು "ಇದೇ ಫೈನಲ್". ನಗಬೇಡಿ, ನಿಮ್ಮ ಪ್ರಾಜೆಕ್ಟ್ ರಿಪೋರ್ಟ್ ಫೈಲಿನ ಹೆಸರೂ ಹೀಗೇ ಇರುತ್ತೆ ಅಂತ ನಂಗೊತ್ತು.

ಈ ಸಿಡಿಗಳು ನನ್ನ ಸೋದರಮಾವನವು. ಭದ್ರಾವತಿಯಲ್ಲಿ ಅವರದ್ದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಹಬ್ಬಕ್ಕೆ ಅಟ್ಟ ಕ್ಲೀನ್ ಮಾಡುವಾಗ ಡಬ್ಬ ಕೈಗೆ ಸಿಕ್ತು. "ಬಿಸಾಕ್ಲಾ ಮಾವ?" ಅಂದೆ. "ಮೂರನೇದು ಮಾತ್ರ ಇಟ್ಕೋ, ಅದರಲ್ಲಿ ಕನ್ನಡ ಇದೆ" ಅಂದ್ರು.

ಸಿಡಿಯಲ್ಲಿ ಕನ್ನಡ ಇರೋದು ಅಂದ್ರೇನು? ಮೊದಲೆರಡರಲ್ಲಿ ಯಾಕಿರಲಿಲ್ಲ? ಈ ಸರಣಿ ಅದರ ಬಗ್ಗೆ. ವಿಂಡೋಸ್ ಇನ್‌ಸ್ಟಾಲರನ್ನು ಬಿಚ್ಚಿ, ಅದರೊಳಗೆ ಅಪ್‌ಡೇಟು, ಡ್ರೈವರು ಎಲ್ಲ ತುಂಬಿಸಿ ನಮ್ಮದೇ ಇನ್‌ಸ್ಟಾಲರ್ ಕಟ್ಟೋ ವಿದ್ಯೆಯ ಇತಿಹಾಸ ಇದು. ಇದನ್ನು ಯಾವ ಸಿಲಬಸ್ಸಿನಲ್ಲೂ ಹೇಳಿಕೊಡಲ್ಲ. ಆದರೆ ಒಂದು ಕಾಲದಲ್ಲಿ ಪ್ರತಿ ಊರಿನ ರಿಪೇರಿ ಅಂಗಡಿಯೂ ಇದರ ಮೇಲೆ ನಡೀತಿತ್ತು.

ಭಾಗ 2/7: 60 ಸೆಕೆಂಡು

ವಿಂಡೋಸ್ ಎಕ್ಸ್‌ಪಿ ಮಾರುಕಟ್ಟೆಗೆ ಬಂದಿದ್ದು 25 ಅಕ್ಟೋಬರ್ 2001. ಆಮೇಲೆ ಅದರಲ್ಲಿ ತೂತುಗಳು ಒಂದೊಂದಾಗಿ ಸಿಗ್ತಾ ಹೋದವು. ಮೈಕ್ರೋಸಾಫ್ಟ್ ತೇಪೆ ಹಾಕ್ತಾ ಹೋಯ್ತು. ತೊಂದರೆ ಏನಂದ್ರೆ, ನಿಮ್ಮ ಕೈಲಿರೋ ಸಿಡಿ ಮಾತ್ರ 2001ರಲ್ಲೇ ನಿಂತಿರುತ್ತೆ. ಅದಕ್ಕೆ ತೇಪೆ ಬರಲ್ಲ.

2003ರ ಜುಲೈನಲ್ಲಿ ಮೈಕ್ರೋಸಾಫ್ಟ್ ಒಂದು ದೊಡ್ಡ ತೂತಿಗೆ ಪ್ಯಾಚ್ ಬಿಟ್ಟಿತು. ಒಂದು ತಿಂಗಳೂ ಆಗಿರಲಿಲ್ಲ, ಆಗಸ್ಟಿನಲ್ಲಿ ಅದೇ ತೂತಿನಿಂದ ನುಗ್ಗೋ 'ಬ್ಲಾಸ್ಟರ್' ಹುಳ ಬಂತು. ಅದಕ್ಕೆ ನೀವು ಯಾವ ಫೈಲೂ ತೆರೀಬೇಕಾಗಿರಲಿಲ್ಲ, ಯಾವ ಲಿಂಕೂ ಒತ್ತಬೇಕಾಗಿರಲಿಲ್ಲ. ಇಂಟರ್ನೆಟ್ಟಿಗೆ ಕನೆಕ್ಟ್ ಆಗಿದ್ರೆ ಸಾಕು. ಪರದೆ ಮೇಲೆ ಒಂದು ಬಾಕ್ಸ್ ಬಂದು 60 ಸೆಕೆಂಡಿನಿಂದ ಇಳಿ ಎಣಿಕೆ ಶುರು, ಆಮೇಲೆ ರೀಸ್ಟಾರ್ಟ್. 2004ರಲ್ಲಿ 'ಸಾಸರ್' ಹುಳ ಬಂದು ಅದೇ ಕಾಟ ಕೊಡ್ತು.

ಈಗ ಅಂಗಡಿಯವನ ಕಷ್ಟ ನೋಡಿ. ಗಿರಾಕಿ ಯಂತ್ರ ಫಾರ್ಮ್ಯಾಟ್ ಮಾಡಿ 2001ರ ಸಿಡಿಯಿಂದ ಎಕ್ಸ್‌ಪಿ ಹಾಕ್ತೀರಿ. ಪ್ಯಾಚ್ ತರೋಕೆ ನೆಟ್ಟಿಗೆ ಹೋಗ್ಬೇಕು. ಪ್ಯಾಚ್ ಇಲ್ಲದೆ ನೆಟ್ಟಿಗೆ ಹೋದ್ರೆ, ಪ್ಯಾಚ್ ಇಳಿಯೋದರೊಳಗೆ ಹುಳ ಒಳಗಿರುತ್ತೆ. ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆದರೆ ಅದು ತಾನಾಗೇ ಆನ್ ಆಗಿರುತ್ತಿರಲಿಲ್ಲ. ತಾನಾಗೇ ಆನ್ ಆಗಿರೋ ಹಾಗೆ ಮಾಡಿದ್ದು 2004ರ ಆಗಸ್ಟಿನ ಸರ್ವಿಸ್ ಪ್ಯಾಕ್ 2.

ಅಂದ್ರೆ ಇರೋ ದಾರಿ ಒಂದೇ. ನೆಟ್ಟಿನ ವೈರ್ ಚುಚ್ಚೋ ಮುಂಚೆಯೇ ತೇಪೆ ಒಳಗಿರಬೇಕು. ಸಿಡಿಯೇ ತೇಪೆ ಹಾಕ್ಕೊಂಡು ಹುಟ್ಟಬೇಕು.

ಭಾಗ 3/7: ಕೂಡ್ಲಿ

ಸರ್ವಿಸ್ ಪ್ಯಾಕ್ 2ರ ಪೂರ್ತಿ ಫೈಲು ಸುಮಾರು 266 ಎಂಬಿ. ಇವತ್ತು ಅದು ಒಂದಷ್ಟು ರೀಲ್ಸ್ ನೋಡೋ ಡೇಟಾ. ಆಗ? ಡಯಲ್‌ಅಪ್ಪಿನಲ್ಲಿ ಸೆಕೆಂಡಿಗೆ 5 ಕೆಬಿ ಬಂದ್ರೆ ಹಬ್ಬ. ಲೆಕ್ಕ ಹಾಕಿ: ಹದಿನೈದು ಗಂಟೆ, ಅದೂ ಲೈನ್ ಕಟ್ಟಾಗದಿದ್ರೆ. 2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಬ್ರಾಡ್‌ಬ್ಯಾಂಡ್ ಶುರು ಮಾಡಿದ ಮೇಲೆ 256 ಕೆಬಿಪಿಎಸ್ ಲೈನಿನಲ್ಲಿ ಎರಡೂವರೆ ಗಂಟೆಗೆ ಇಳೀತು. ಕೆಲವು ಪ್ಲಾನುಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರ ತನಕ ಇಳಿಸಿದ್ದು ಲೆಕ್ಕಕ್ಕೆ ಬರ್ತಿರಲಿಲ್ಲ. ಮಾವ 2 ಗಂಟೆಗೆ ಅಲಾರಂ ಇಟ್ಟು ಏಳ್ತಿದ್ರಂತೆ. ಅತ್ತೆ ಇವತ್ತಿಗೂ ಅದನ್ನ ಹೇಳಿ ಬೈತಾರೆ.

ಇಳಿಸಿದ್ದನ್ನ ಏನು ಮಾಡೋದು? ಎಕ್ಸ್‌ಪಿ ಸಿಡಿಯಲ್ಲಿ ಐ386 ಅಂತ ಒಂದು ಫೋಲ್ಡರ್ ಇರ್ತಿತ್ತು. ಇನ್‌ಸ್ಟಾಲ್ ಆಗೋ ಸಾವಿರಾರು ಫೈಲುಗಳೆಲ್ಲ ಅಲ್ಲೇ. ಸಿಡಿಯನ್ನು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಸರ್ವಿಸ್ ಪ್ಯಾಕಿಗೆ 'ಇಂಟಿಗ್ರೇಟ್' ಅನ್ನೋ ಸ್ವಿಚ್ ಕೊಟ್ಟು ಓಡಿಸಿದ್ರೆ, ಅದು ಯಂತ್ರಕ್ಕೆ ಹೋಗಿ ಕೂರೋ ಬದಲು ಆ ಫೋಲ್ಡರಿನ ಹಳೆ ಫೈಲುಗಳ ಜಾಗದಲ್ಲಿ ಹೊಸವನ್ನ ಇಡ್ತಿತ್ತು. ಆಮೇಲೆ ಬೂಟ್ ಆಗೋ ಹಾಗೆ ಸಿಡಿ ಸುಟ್ಟರೆ ಮುಗೀತು. ಇದಕ್ಕೆ 'ಸ್ಲಿಪ್‌ಸ್ಟ್ರೀಮ್' ಅಂತ ಹೆಸರು.

ನಮ್ಮೂರಿನವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. ಕೂಡ್ಲಿಗೆ ಹೋಗಿದ್ದೀರಲ್ವಾ? ಶಿವಮೊಗ್ಗದಿಂದ ಬಂದ ತುಂಗೆ, ಭದ್ರಾವತಿಯಿಂದ ಬಂದ ಭದ್ರೆ ಅಲ್ಲಿ ಸೇರ್ತಾವೆ. ಮುಂದೆ ಹೋದ ಮೇಲೆ ಇದು ತುಂಗೆ ನೀರು, ಇದು ಭದ್ರೆ ನೀರು ಅಂತ ಬೇರೆ ಮಾಡೋಕಾಗಲ್ಲ. ಸ್ಲಿಪ್‌ಸ್ಟ್ರೀಮ್ ಕೂಡ ಹಾಗೇ. ಆ ಸಿಡಿಯಿಂದ ಹಾಕಿದ ಯಂತ್ರದಲ್ಲಿ ಸರ್ವಿಸ್ ಪ್ಯಾಕನ್ನು ಅನ್‌ಇನ್‌ಸ್ಟಾಲ್ ಮಾಡೋಕೆ ಬರಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಭಾಗ 4/7: ಎಫ್6 ಒತ್ತಿ

ಅಪ್‌ಡೇಟ್ ಕಥೆ ಮುಗೀತು. ಡ್ರೈವರ್ ಕಥೆ ಇನ್ನೂ ಮಜಾ.

ಎಕ್ಸ್‌ಪಿ ಇನ್‌ಸ್ಟಾಲ್ ಶುರುವಾದಾಗ ನೀಲಿ ಪರದೆಯ ಕೆಳಗೆ ಕೆಲವೇ ಸೆಕೆಂಡು ಒಂದು ಸಾಲು ಬರ್ತಿತ್ತು: ಬೇರೆ ಕಂಪನಿಯ ಸ್ಕಸಿ ಅಥವಾ ರೇಡ್ ಡ್ರೈವರ್ ಬೇಕಿದ್ರೆ ಎಫ್6 ಒತ್ತಿ. ಒತ್ತಿದ್ರೆ ಡ್ರೈವರನ್ನು ಫ್ಲಾಪಿಯಲ್ಲಿ ಕೊಡಿ ಅಂತಿತ್ತು. ಫ್ಲಾಪಿಯಲ್ಲೇ!

2006ರ ಆಸುಪಾಸಿಗೆ ಬಂದ ಲ್ಯಾಪ್‌ಟಾಪುಗಳಲ್ಲಿ ಸಾಟಾ ಹಾರ್ಡ್‌ಡಿಸ್ಕು ಎಎಚ್‌ಸಿಐ ಮೋಡಿನಲ್ಲಿ ಇರ್ತಿತ್ತು. ಎಕ್ಸ್‌ಪಿಗೆ ಆ ಭಾಷೆ ಗೊತ್ತಿಲ್ಲ. ಹಾರ್ಡ್‌ಡಿಸ್ಕ್ ಇಲ್ಲ ಅಂತಿತ್ತು, ಇಲ್ಲ ಅಂದ್ರೆ 7ಬಿ ಅನ್ನೋ ಎರರ್ ಕೊಟ್ಟು ನೀಲಿಯಾಗ್ತಿತ್ತು. ಡ್ರೈವರ್ ಕೊಡೋಣ ಅಂದ್ರೆ ಆ ಲ್ಯಾಪ್‌ಟಾಪಿನಲ್ಲಿ ಫ್ಲಾಪಿ ಡ್ರೈವೇ ಇಲ್ಲ. ಬಯಾಸಿಗೆ ಹೋಗಿ ಹಳೇ ಐಡಿಇ ಮೋಡಿಗೆ ಇಳಿಸೋದು ಒಂದು ಉಪಾಯ. ಡ್ರೈವರನ್ನೇ ಸಿಡಿಯೊಳಗೆ ಸೇರಿಸಿಬಿಡೋದು ಇನ್ನೊಂದು.

ಈ ಎರಡನೇ ದಾರಿಯನ್ನ ಸುಲಭ ಮಾಡಿದವರು ದೊಡ್ಡ ಕಂಪನಿಯವರಲ್ಲ. ಕ್ರೊವೇಷಿಯಾದ ಡಿನೊ ನುಹಾಗಿಚ್ 'ಎನ್‌ಲೈಟ್' ಅನ್ನೋ ಪುಟ್ಟ ತಂತ್ರಾಂಶ ಬರೆದ. ಸರ್ವಿಸ್ ಪ್ಯಾಕ್, ಡ್ರೈವರ್, ಉತ್ತರಗಳ ಫೈಲು ಎಲ್ಲವನ್ನೂ ಮೌಸ್ ಕ್ಲಿಕ್ಕಿನಲ್ಲೇ ಸೇರಿಸಬಹುದಿತ್ತು. ಬೆಲ್ಜಿಯಂನ ವಿಮ್ ಲೀರ್ಸ್, ವಿದ್ಯಾರ್ಥಿಯಾಗಿದ್ದಾಗ, 'ಡ್ರೈವರ್‌ಪ್ಯಾಕ್ಸ್' ಶುರು ಮಾಡಿದ. ಸೌಂಡು, ನೆಟ್‌ವರ್ಕು, ಗ್ರಾಫಿಕ್ಸು, ಸ್ಟೋರೇಜು ಅಂತ ವಿಂಗಡಿಸಿ ಕಟ್ಟಿಟ್ಟ ಡ್ರೈವರ್ ಗಂಟುಗಳು. ಇಬ್ಬರೂ ಹೆಚ್ಚುಕಮ್ಮಿ ನಮ್ಮ ನಿಮ್ಮ ಹಾಗೇ ಹುಡುಗರು, ಗೊತ್ತಿರಲಿ.

ಆದರೆ ಸಿಡಿಯ ಹೊಟ್ಟೆ 700 ಎಂಬಿ. ಒಳಗೆ ಡ್ರೈವರ್ ಹಾಕ್ತಾ ಹೋದ್ರೆ ಏನಾದ್ರೂ ಹೊರಗೆ ಹೋಗಲೇಬೇಕು. ಎನ್‌ಲೈಟಿನಲ್ಲಿ ತೆಗೆಯೋದಕ್ಕೂ ಒಂದು ಪಟ್ಟಿ ಇತ್ತು. ಆಟಗಳು, ಹಳೇ ಮೋಡೆಮ್ಮುಗಳು, ಸ್ಕ್ರೀನ್‌ಸೇವರುಗಳು. ಮತ್ತೆ, ಭಾಷೆಗಳು.

ಭಾಗ 5/7: ತುಂಗಾ ಎಲ್ಲಿ ಹೋಯ್ತು?

ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ಕೊಟ್ಟಿದ್ದ ಯೂನಿಕೋಡ್ ಫಾಂಟಿನ ಹೆಸರು 'ತುಂಗಾ'. ಹೌದು, ನಮ್ಮ ನದಿಯ ಹೆಸರೇ. ವಿಂಡೋಸ್ 2000ದಲ್ಲಿ ಹಿಂದಿ, ತಮಿಳು ಇದ್ದವು. ಕನ್ನಡ, ತೆಲುಗು ಬಂದಿದ್ದು ಎಕ್ಸ್‌ಪಿಯಲ್ಲಿ.

ಆದ್ರೆ ಇಂಗ್ಲಿಷ್ ಎಕ್ಸ್‌ಪಿಯಲ್ಲಿ ಕನ್ನಡ ತಾನಾಗೇ ಕೂರ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಭಾಷೆಗಳ ಜಾಗಕ್ಕೆ ಹೋಗಿ ಒಂದು ಟಿಕ್ ಹಾಕ್ಬೇಕಿತ್ತು. ಆಗ ಅದು ಸಿಡಿ ಕೇಳ್ತಿತ್ತು. ಅರಬ್ಬಿ, ಹೀಬ್ರೂ, ಥಾಯ್ ಮತ್ತು ಭಾರತೀಯ ಭಾಷೆಗಳಿಗೆ ಎಲ್ಲ ಸೇರಿ ಬೇಕಾಗಿದ್ದು ಸುಮಾರು 10 ಎಂಬಿ ಜಾಗ. ಚೀನೀ, ಜಪಾನೀ ಭಾಷೆಗಳಿಗೆ 230 ಎಂಬಿ. ಜಾಗ ಉಳಿಸೋ ಹುಮ್ಮಸ್ಸಿನಲ್ಲಿ ಮಾವ ಎಲ್ಲ ಭಾಷೆಗಳನ್ನೂ ಒಟ್ಟಿಗೆ ಕಿತ್ತರು.

ಅವರಿಗೆ ಗೊತ್ತಾಗಲಿಲ್ವಾ? ಇಲ್ಲ. ಯಾಕಂದ್ರೆ ಅವರು ಪರೀಕ್ಷೆ ಮಾಡಿದ್ದು ನುಡಿಯಲ್ಲಿ. ಆಗಿನ ನುಡಿ ತನ್ನದೇ ಫಾಂಟ್ ತರ್ತಿತ್ತು. ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನ ಕೂರಿಸಿ ತೋರಿಸ್ತಿತ್ತು. ಅದಕ್ಕೆ ವಿಂಡೋಸಿನ ಕನ್ನಡ ಬೇಕೇ ಇರಲಿಲ್ಲ. ಪರದೆ ಮೇಲೆ ಅಕ್ಷರ ಚೆನ್ನಾಗಿ ಬಂತು. ಸಿಡಿ ಪಾಸ್. ಹತ್ತಾರು ಯಂತ್ರಗಳಿಗೆ ಹಾಕಿದ್ರು.

ಆಮೇಲೆ ಪೇಪರ್ ಟೌನ್ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಅಂಗಡಿಗೆ ಬಂದ್ರು. ದೂರದೇಶದಲ್ಲಿದ್ದ ಮಗಳು ಈಮೇಲ್ ಕಳಿಸ್ತಾಳೆ, ಬರೀ ಚೌಕ ಚೌಕ ಕಾಣುತ್ತೆ ಅಂದ್ರು. ಮಗಳು ಬರೀತಿದ್ದಿದ್ದು ಯೂನಿಕೋಡ್ ಕನ್ನಡದಲ್ಲಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ತೆರೆದ್ರೂ ಅದೇ ಚೌಕ. ಮಾವ ಟಿಕ್ ಹಾಕಿದ್ರು. ಯಂತ್ರ ಸಿಡಿ ಕೇಳ್ತು. ಸಿಡಿ ಕೊಟ್ರು. ಫೈಲ್ ಇಲ್ಲ ಅಂತು. ಇಲ್ಲದ ಹಾಗೆ ಮಾಡಿದ್ದು ಅವರೇ ಅಲ್ವಾ.

"ಎಷ್ಟು ದಿನದಿಂದ ಹೀಗಿದೆ ಸಾರ್?" ಅಂತ ಕೇಳಿದ್ರಂತೆ. "ನಾಲ್ಕು ತಿಂಗಳಾಯ್ತು. ಅವಳಿಗೆ ಹೇಳಿಲ್ಲ. ಇಂಗ್ಲಿಷಲ್ಲಿ ಬರೆಯೋಕೆ ಶುರು ಮಾಡಿಬಿಟ್ರೆ ಅಂತ" ಅಂದ್ರಂತೆ ಮೇಷ್ಟ್ರು.

ಭಾಗ 6/7: ಮೂರನೇ ಸಿಡಿ, ಮತ್ತು ಮತ್ತೆ ಮತ್ತೆ ಎಫ್6

"ಇದೇ ಫೈನಲ್" ಹುಟ್ಟಿದ್ದು ಆ ವಾರ. ಮಾವ ಮೂಲ ಸಿಡಿಯಿಂದ ಮತ್ತೆ ಶುರು ಮಾಡಿದ್ರು. ಭಾಷೆ ಮುಟ್ಟಲಿಲ್ಲ. ಇನ್‌ಸ್ಟಾಲರ್ ಕೇಳೋ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡೋ ಫೈಲಿನಲ್ಲಿ 'ಭಾಷಾ ಗುಂಪು 15' ಅಂತ ಒಂದು ಸಾಲು ಸೇರಿಸಿದ್ರು. 15 ಅಂದ್ರೆ ಭಾರತೀಯ ಭಾಷೆಗಳು. ಆಮೇಲೆ ಹಾಕಿದ ಪ್ರತಿ ಯಂತ್ರದಲ್ಲೂ ಟಿಕ್ ಇಲ್ಲದೇ ಕನ್ನಡ ಬಂತು. ಹಳೇ ಸಿಡಿಯಿಂದ ಹಾಕಿದ್ದ ಗಿರಾಕಿಗಳ ಮನೆಗೆ ಸ್ಕೂಟರಲ್ಲಿ ಹೋಗಿ ಸರಿ ಮಾಡಿ ಬಂದ್ರು, ದುಡ್ಡು ತಗೊಳ್ಳದೆ.

2007ರಲ್ಲಿ ವಿಸ್ಟಾ ಬಂತು. ಸಾವಿರಾರು ಬಿಡಿ ಫೈಲುಗಳ ಬದಲು 'ವಿಮ್' ಅನ್ನೋ ಒಂದೇ ದೊಡ್ಡ ಫೈಲು, ಕನ್ನಡ ಟಿಕ್ ಇಲ್ಲದೇ ಒಳಗೆ, ಡ್ರೈವರ್ ಕೊಡೋಕೆ ಪೆನ್‌ಡ್ರೈವ್ ಸಾಕು. 2009ರ ವಿಂಡೋಸ್ 7ರ ಜೊತೆ ಬಂದ 'ಡಿಸ್ಮ್' ಅನ್ನೋ ಮೈಕ್ರೋಸಾಫ್ಟಿನದೇ ಸಾಧನ ಆ ವಿಮ್ ತೆರೆದು ಅಪ್‌ಡೇಟ್, ಡ್ರೈವರ್ ಸೇರಿಸ್ತಿತ್ತು. ಕಥೆ ಮುಗೀತು ಅನ್ಕೊಂಡ್ರು ಎಲ್ರೂ.

ಮುಗೀಲಿಲ್ಲ. 2015ರಲ್ಲಿ ಇಂಟೆಲ್ 6ನೇ ತಲೆಮಾರು ಬಂದಾಗ ವಿಂಡೋಸ್ 7ರ ಇನ್‌ಸ್ಟಾಲರಿಗೆ ಯುಎಸ್‌ಬಿ 3 ಗೊತ್ತಿರಲಿಲ್ಲ. ಪರದೆ ಬರ್ತಿತ್ತು, ಕೀಬೋರ್ಡೂ ಮೌಸೂ ಕೆಲಸ ಮಾಡ್ತಿರಲಿಲ್ಲ! 11ನೇ ತಲೆಮಾರಿನಿಂದ 'ವಿಎಂಡಿ' ಅನ್ನೋ ಸ್ಟೋರೇಜ್ ವ್ಯವಸ್ಥೆ ಬಂತು. ನಮ್ಮ ಕ್ಲಾಸಿನಲ್ಲೇ ನೋಡಿದ್ದೀರಿ: ಹೊಸ ಲ್ಯಾಪ್‌ಟಾಪಿಗೆ ವಿಂಡೋಸ್ ಹಾಕೋಕೆ ಹೋದ್ರೆ ಡ್ರೈವೇ ಸಿಗಲಿಲ್ಲ ಅನ್ನುತ್ತೆ. ಎಸ್‌ಎಸ್‌ಡಿ ಹೋಯ್ತು ಅಂತ ಗಾಬರಿಯಾಗಿ ಅಂಗಡಿಗೆ ಓಡಿದವರು ಎಷ್ಟು ಜನ? ಹೋಗಿರಲ್ಲ ಕಣ್ರೋ. ಅದು 2006ರ ಎಫ್6 ಸಮಸ್ಯೆಯೇ, ಹೊಸ ಅಂಗಿ ಹಾಕ್ಕೊಂಡು ಬಂದಿದೆ. ಯಂತ್ರ ಮುಂದೆ ಓಡುತ್ತೆ, ಇನ್‌ಸ್ಟಾಲರ್ ತಾನು ಹುಟ್ಟಿದ ದಿನದಲ್ಲೇ ನಿಂತಿರುತ್ತೆ.

ಭಾಗ 7/7: ನೀವು ಕಟ್ಟೋದಾದ್ರೆ

ಎಕ್ಸ್‌ಪಿಗೆ ಬೆಂಬಲ ನಿಂತಿದ್ದು 8 ಏಪ್ರಿಲ್ 2014. ವಿಂಡೋಸ್ 10ಕ್ಕೆ 14 ಅಕ್ಟೋಬರ್ 2025. ಮತ್ತೆ ಮನೆಮನೆಯಲ್ಲೂ ಫಾರ್ಮ್ಯಾಟ್ ಮಾಡೋ ಕಾಲ. ಹಾಗಾಗಿ ಚುಟುಕಾಗಿ ಹೇಳ್ತೀನಿ, ಸೇವ್ ಮಾಡ್ಕೊಳ್ಳಿ.

ಐಎಸ್‌ಒ ಅನ್ನು ಮೈಕ್ರೋಸಾಫ್ಟ್ ಸೈಟಿನಿಂದಲೇ ಇಳಿಸಿ. ಯಾರೋ ಕಟ್ಟಿದ 'ಲೈಟ್' ಐಎಸ್‌ಒ ಬೇಡ. ಅವರು ಏನು ಸೇರಿಸಿದ್ದಾರೆ ಗೊತ್ತಿಲ್ಲ, ಏನು ಕಿತ್ತಿದ್ದಾರೆ ಅಂತಲೂ ಗೊತ್ತಿಲ್ಲ. ಕೂಡ್ಲಿ ನೆನಪಿದೆಯಲ್ಲ, ಸೇರಿದ ಮೇಲೆ ಬೇರೆ ಮಾಡೋಕಾಗಲ್ಲ. ಲೈಸೆನ್ಸೂ ನಿಮ್ಮದೇ ಇರಲಿ.

ಡ್ರೈವರ್ ಅಂದ್ರೆ ಸೆಟಪ್ ಫೈಲಲ್ಲ. ಅದನ್ನ ಬಿಚ್ಚಿದಾಗ ಸಿಗೋ 'ಐಎನ್‌ಎಫ್' ಮತ್ತು ಅದರ ಜೊತೆಗಿನ ಫೈಲುಗಳು. ಸ್ಟೋರೇಜ್ ಡ್ರೈವರನ್ನು ಎರಡು ಕಡೆ ಸೇರಿಸಬೇಕು: ಇನ್‌ಸ್ಟಾಲರ್ ಓಡೋ 'ಬೂಟ್ ವಿಮ್'ಗೂ (ಅದರ 2ನೇ ಇಂಡೆಕ್ಸಿಗೆ), ಡಿಸ್ಕಿಗೆ ಇಳಿಯೋ 'ಇನ್‌ಸ್ಟಾಲ್ ವಿಮ್'ಗೂ. ಮೊದಲನೆಯದಕ್ಕೆ ಮಾತ್ರ ಹಾಕಿದ್ರೆ ಡ್ರೈವ್ ಕಾಣಬಹುದು, ಆದರೆ ಇನ್‌ಸ್ಟಾಲ್ ಆದ ಮೇಲೆ ಬೂಟ್ ಆಗೋ ಖಾತ್ರಿ ಇಲ್ಲ. ಮುಚ್ಚುವಾಗ 'ಕಮಿಟ್' ಕೊಡೋದು ಮರೆತ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ವಿಮ್ 4 ಜಿಬಿ ದಾಟಿದ್ರೆ ಫ್ಯಾಟ್32 ಪೆನ್‌ಡ್ರೈವಿನಲ್ಲಿ ಕೂರಲ್ಲ, ತುಂಡು ಮಾಡಬೇಕು. ಮೊದಲು ವರ್ಚುವಲ್ ಮಷೀನಿನಲ್ಲಿ ನೋಡಿ. ಆದರೆ ಅಲ್ಲಿ ಡ್ರೈವರ್ ಪರೀಕ್ಷೆ ಆಗಲ್ಲ, ಅದಕ್ಕೆ ನಿಜವಾದ ಯಂತ್ರವೇ ಬೇಕು. ಅದರಲ್ಲಿರೋದರ ಬ್ಯಾಕಪ್ ಮೊದಲು.

ಕೊನೆಯದು ಮಾವನ ಪರೀಕ್ಷೆ. ಅವರು ಆ ಘಟನೆಯ ನಂತರ ಪ್ರತಿ ಯಂತ್ರದಲ್ಲೂ ನೋಟ್‌ಪ್ಯಾಡ್ ತೆರೆದು ಎರಡೇ ಪದ ಟೈಪ್ ಮಾಡ್ತಿದ್ರು: ಶಿವಮೊಗ್ಗ, ಭದ್ರಾವತಿ. ಯಾಕೆ ಅವೇ? ಎರಡರಲ್ಲೂ ಒತ್ತಕ್ಷರ ಇದೆ, ನೋಡಿ. ಫಾಂಟ್ ಇಲ್ಲದಿದ್ರೆ ಚೌಕ ಬರುತ್ತೆ. ಫಾಂಟಿದ್ದು ಅಕ್ಷರ ಜೋಡಿಸೋ ವ್ಯವಸ್ಥೆ ಕೆಟ್ಟಿದ್ರೆ ಒತ್ತು ಬಿಟ್ಟುಹೋಗುತ್ತೆ. ಎರಡೂ ಊರು ಸರಿಯಾಗಿ ಕಂಡ್ರೆ ಮಾತ್ರ ಯಂತ್ರ ಗಿರಾಕಿ ಕೈಗೆ.

ಮೇಷ್ಟ್ರ ಯಂತ್ರದಲ್ಲೂ ಅವೇ ಎರಡು ಪದ ಬರೆದು ತೋರಿಸಿದ್ರಂತೆ. ಮೇಷ್ಟ್ರು ಅದನ್ನ ನೋಡ್ಲೇ ಇಲ್ಲ. ಆಗಲೇ ಈಮೇಲ್ ತೆರೆದು, ನಾಲ್ಕು ತಿಂಗಳಿನದ್ದನ್ನ ಮೊದಲಿಂದ ಓದ್ತಾ ಕೂತಿದ್ರು.

ನಿಮ್ಮ ಮನೆ ಅಟ್ಟದಲ್ಲೂ ಇಂಥ ಸಿಡಿ ಇದ್ರೆ ಫೋಟೋ ಕಳಿಸಿ. ಮೇಲೆ ಏನು ಬರೆದಿದೆ ಅನ್ನೋದು ಕಾಣ್ಬೇಕು, ಆಯ್ತಾ?

#ಶಿವಮೊಗ್ಗ #ಭದ್ರಾವತಿ #ಕಂಪ್ಯೂಟರ್‌ಇತಿಹಾಸ #ಕನ್ನಡದಲ್ಲಿತಂತ್ರಜ್ಞಾನ #ಇದೇಫೈನಲ್