ಬ್ಯಾಟು ಮುಟ್ಟದ ಮ್ಯಾನೇಜರು

'ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್' ಅಂತ ಒಂದು ಗೇಮ್ ಇದೆ. ಮಾರ್ಕಸ್ ಹೈನ್‌ಸೋನ್ ಎಂಬ ಜರ್ಮನ್ ಪ್ರೋಗ್ರಾಮರ್ 1999ರಲ್ಲಿ ಕಂಪ್ಯೂಟರಿಗೆ ಬರೆದದ್ದು, 2011ರಲ್ಲಿ ಐಫೋನಿಗೂ ಬಂತು. ಹೊಸದಾಗಿ ಆಡುವವರು ಮೊದಲು ಹುಡುಕುವುದು ಚೆಂಡು ಹೊಡೆಯುವ ಬಟನ್ನನ್ನು. ಅದು ಇಲ್ಲವೇ ಇಲ್ಲ! ನೀವಿಲ್ಲಿ ಮ್ಯಾನೇಜರು. ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ದಣಿದ ಪಿಚರ್‌ನನ್ನು (ನಮ್ಮ ಬೌಲರ್ ಅಂದ್ಕೊಳ್ಳಿ) ಯಾವಾಗ ಹೊರಗೆ ಕರೆಯಬೇಕು, ಇಷ್ಟೇ ನಿಮ್ಮ ಕೆಲಸ. ನೀವು ಕಾಫಿ ಮುಗಿಸುವಷ್ಟರಲ್ಲಿ 162 ಪಂದ್ಯಗಳ ಸೀಸನ್ ಮುಗಿದುಹೋಗಿರುತ್ತದೆ.

ಇಂಥ ಆಟ ಬೇಸ್‌ಬಾಲಿನಲ್ಲೇ ಮೊದಲು ಬೇರುಬಿಟ್ಟಿದ್ದಕ್ಕೆ ಕಾರಣ ಇದೆ. ಅಲ್ಲಿ ಪ್ರತಿಯೊಂದು ಘಟನೆಯೂ ಒಬ್ಬ ಬ್ಯಾಟರ್ ಮತ್ತು ಒಬ್ಬ ಪಿಚರ್ ನಡುವಿನ ಪುಟ್ಟ ಜಗಳ. ಮುಗಿದ ಕೂಡಲೇ ಲೆಕ್ಕದ ಪುಸ್ತಕಕ್ಕೆ ಸೇರುತ್ತದೆ. ಈ ಲೆಕ್ಕದ ಚಟ ಹತ್ತಿಸಿದ್ದು ಹೆನ್ರಿ ಚಾಡ್ವಿಕ್, ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕ್ರಿಕೆಟ್ ವರದಿಗಾರನಾಗಿದ್ದವನು. ಕ್ರಿಕೆಟ್ಟಿನ ಸ್ಕೋರ್‌ಕಾರ್ಡ್ ನೋಡಿಕೊಂಡೇ 1859ರ ಹೊತ್ತಿಗೆ ಬೇಸ್‌ಬಾಲಿಗೆ 'ಬಾಕ್ಸ್ ಸ್ಕೋರ್' ಮಾಡಿಕೊಟ್ಟ. ಅಂದರೆ ಅಮೆರಿಕನ್ನರ ಈ ಹುಚ್ಚಿಗೆ ಮೂಲ ನಮ್ಮ ಪ್ರೀತಿಯ ಆಟವೇ. ಅವರು ಒಪ್ಪಲಿಕ್ಕಿಲ್ಲ, ಬಿಡಿ.

ಶಾಲೆಯಲ್ಲಿ ಬುಕ್ ಕ್ರಿಕೆಟ್ ಆಡಿದವರಿಗೆ ಮುಂದಿನ ಹೆಜ್ಜೆ ಸುಲಭವಾಗಿ ಅರ್ಥವಾಗುತ್ತದೆ. ಪುಟ ತೆರೆದರೆ ಕೊನೆಯ ಅಂಕಿಯೇ ರನ್ನು. ಅದರಲ್ಲಿದ್ದ ದೊಡ್ಡ ಕೊರತೆ ಏನು ಹೇಳಿ? ತೆಂಡೂಲ್ಕರ್‌ಗೂ ಹನ್ನೊಂದನೇ ನಂಬರಿನ ವೆಂಕಟಪತಿ ರಾಜುವಿಗೂ ಒಂದೇ ಪುಸ್ತಕ, ಒಂದೇ ಅದೃಷ್ಟ. ವಿಸ್ಕಾನ್ಸಿನ್‌ನ ಕ್ಲಿಫರ್ಡ್ ವ್ಯಾನ್ ಬೀಕ್ ಈ ತೊಂದರೆಗೆ ಮದ್ದು ಹುಡುಕಿದ. ಎರಡು ದಾಳ ಹಾಕಿದರೆ 36 ಜೋಡಿಗಳು ಬರಬಹುದು. ಒಬ್ಬೊಬ್ಬ ನಿಜವಾದ ಆಟಗಾರನಿಗೂ ಒಂದೊಂದು ಕಾರ್ಡು, ಕಾರ್ಡಿನಲ್ಲಿ ಆ 36 ಜೋಡಿಗೂ ಅವನ ದಾಖಲೆಗೆ ತಕ್ಕ ಫಲ. 1930ರ ಸುಮಾರಿಗೆ ಅವನ ಆಟ ಮಾರಾಟಕ್ಕೆ ಬಂತು. ಬಂದದ್ದು ಮಹಾ ಆರ್ಥಿಕ ಕುಸಿತದ ಹೊತ್ತಿಗೆ, ಹಾಗಾಗಿ ಬೇಗನೆ ಮರೆಯಾಯಿತು. ಅದನ್ನು ಆಡಿ ಬೆಳೆದ ರಿಚರ್ಡ್ ಸೈಟ್ಸ್ 1951ರಲ್ಲಿ ಅದೇ ತಳಹದಿಯ ಮೇಲೆ 'ಎಪಿಬಿಎ' ತಂದ.

ನನಗೆ ಇವರೆಲ್ಲರಿಗಿಂತ ಇಷ್ಟವಾಗುವವನು ಹ್ಯಾಲ್ ರಿಚ್‌ಮನ್. 1948ರಲ್ಲಿ, ಹನ್ನೊಂದರ ಹುಡುಗ, ಆಗ ಜನಪ್ರಿಯವಾಗಿದ್ದ ಮುಳ್ಳು ತಿರುಗಿಸುವ ಆಟದ ಮೇಲೆ ಸಿಟ್ಟಾದ. ಅದರಲ್ಲಿ ಎಂಥ ಪಿಚರ್ ಎಸೆದರೂ ಬ್ಯಾಟರ್‌ಗೆ ವ್ಯತ್ಯಾಸವೇ ಇರಲಿಲ್ಲ. ವರ್ಷಗಟ್ಟಲೆ ದಾಳ ಉರುಳಿಸಿ, ಕಾಲೇಜಿನಲ್ಲಿ ಗಣಿತ ಓದಿ, 1961ರಲ್ಲಿ 'ಸ್ಟ್ರ್ಯಾಟ್-ಓ-ಮ್ಯಾಟಿಕ್' ಹೊರತಂದ. ಮೂರು ದಾಳ. ಮೊದಲನೆಯದರಲ್ಲಿ 1ರಿಂದ 3 ಬಿದ್ದರೆ ಫಲಿತಾಂಶ ಬ್ಯಾಟರ್‌ನ ಕಾರ್ಡಿನಲ್ಲಿ, 4ರಿಂದ 6 ಬಿದ್ದರೆ ಪಿಚರ್‌ನ ಕಾರ್ಡಿನಲ್ಲಿ. ಉಳಿದೆರಡು ದಾಳಗಳ ಮೊತ್ತ ಆ ಕಾರ್ಡಿನ ಸಾಲನ್ನು ತೋರಿಸುತ್ತದೆ. ಮೊತ್ತ 7 ಆಗುವ ಸಾಧ್ಯತೆ 36ರಲ್ಲಿ 6, ಮೊತ್ತ 2 ಆಗೋದು 36ರಲ್ಲಿ ಒಂದೇ ಸಲ. ಹಾಗಾಗಿ ಹೋಮ್ ರನ್ನನ್ನು 7ರ ಸಾಲಿನಲ್ಲಿ ಬರೆದರೆ ಅವನು ದೈತ್ಯ, 2ರ ಸಾಲಿನಲ್ಲಿ ಬರೆದರೆ ಅಪರೂಪಕ್ಕೆ ಕೈಹಿಡಿಯುವವನು. ಇಬ್ಬರ ಪ್ರತಿಭೆಗೂ ಅರ್ಧರ್ಧ ಪಾಲು. ದುಡ್ಡು ಸಾಲದೆ ಅಪ್ಪನ ಬಳಿ 5,000 ಡಾಲರ್ ಸಾಲ ಮಾಡಿದ. ವ್ಯಾಪಾರ ಕೈಕೊಟ್ಟರೆ ಅಪ್ಪನ ಇನ್ಶೂರೆನ್ಸ್ ಕಂಪನಿಗೆ ಸೇರೋದು ಅಂತ ಕರಾರು. ಸೇರಬೇಕಾಗಿ ಬರಲಿಲ್ಲ.

ಈ ಹುಚ್ಚು ಮಕ್ಕಳದ್ದು ಮಾತ್ರ ಅಂದ್ಕೋಬೇಡಿ. ಕಾದಂಬರಿಕಾರ ಜ್ಯಾಕ್ ಕೆರೊವ್ಯಾಕ್ ಕಾರುಗಳ ಹೆಸರಿನ ಕಾಲ್ಪನಿಕ ತಂಡಗಳನ್ನು ಕಟ್ಟಿಕೊಂಡು, ಅವುಗಳ ಲೆಕ್ಕ, ಸುದ್ದಿಪತ್ರ ಎಲ್ಲ ತಾನೇ ಬರೆದು, ದೊಡ್ಡವನಾದ ಮೇಲೂ ಗುಟ್ಟಾಗಿ ಆಡುತ್ತಿದ್ದ. ಆ ಕಾಗದಗಳು ಈಗ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿವೆ.

ಆಮೇಲೆ ಕಂಪ್ಯೂಟರ್ ಬಂತು. 1987ರ 'ಅರ್ಲ್ ವೀವರ್ ಬೇಸ್‌ಬಾಲ್'ಗಾಗಿ ನಿಜವಾದ ಮ್ಯಾನೇಜರ್ ವೀವರ್‌ನನ್ನೇ ಕೂರಿಸಿಕೊಂಡು, ಅವನು ಹೇಗೆ ಯೋಚಿಸುತ್ತಾನೆ ಅಂತ ಕೇಳಿ ಕೋಡ್ ಬರೆದರು. ಹೈನ್‌ಸೋನ್‌ನ ಗೇಮ್ ಇನ್ನೊಂದು ಕಿತಾಪತಿ ಮಾಡಿತು. ದಾಳ ಕಾಣದು, ಕಾರ್ಡೂ ಕಾಣದು. ಆಟಗಾರನಿಗೆ 20ರಿಂದ 80ರವರೆಗೆ ರೇಟಿಂಗ್. ನಿಜವಾದ ಸ್ಕೌಟ್‌ಗಳು ಬಳಸುವ ಅಳತೆಯೇ ಇದು, 50 ಅಂದರೆ ಸಾಧಾರಣ. ಆದರೆ ಸ್ಕೌಟಿಂಗ್ ಆನ್ ಇದ್ದರೆ ನಿಮಗೆ ಕಾಣೋದು ಅವನ ನಿಜವಾದ ಯೋಗ್ಯತೆ ಅಲ್ಲ, ನಿಮ್ಮ ಸ್ಕೌಟ್‌ನ ಅಭಿಪ್ರಾಯ! ಅದನ್ನು ನಂಬಿಕೊಂಡೇ ನೀವು ಒಬ್ಬನನ್ನು ಮನೆಗೆ ಕಳಿಸಬೇಕು. ಅಪ್ರೈಸಲ್ ಸೀಸನ್‌ನಲ್ಲಿ ಇದನ್ನು ಓದುತ್ತಿರುವವರಿಗೆ ಹೆಚ್ಚು ವಿವರಿಸಬೇಕಿಲ್ಲ.

ತಪ್ಪು ರೇಟಿಂಗ್‌ಗಿಂತ ಕೆಟ್ಟದ್ದು ರೇಟಿಂಗೇ ಇಲ್ಲದಿರುವುದು. 1947ರ ಏಪ್ರಿಲ್ 15ರಂದು ಜ್ಯಾಕಿ ರಾಬಿನ್ಸನ್ ಕಣಕ್ಕಿಳಿಯುವವರೆಗೆ, ಅರವತ್ತು ವರ್ಷಕ್ಕೂ ಹೆಚ್ಚು ಕಾಲ, ದೊಡ್ಡ ಲೀಗುಗಳಲ್ಲಿ ಕರಿಯ ಆಟಗಾರರಿಗೆ ಜಾಗವೇ ಇರಲಿಲ್ಲ. ಅವರು 'ನೀಗ್ರೋ ಲೀಗ್'ಗಳಲ್ಲಿ ಆಡುತ್ತಿದ್ದರು. ಆ ಪಂದ್ಯಗಳ ಲೆಕ್ಕ 'ಪಿಟ್ಸ್‌ಬರ್ಗ್ ಕುರಿಯರ್', 'ಶಿಕಾಗೊ ಡಿಫೆಂಡರ್' ಥರದ ಕರಿಯರ ಪತ್ರಿಕೆಗಳಲ್ಲಿ ಒಮ್ಮೆ ಬರೋದು, ಒಮ್ಮೆ ಬರುತ್ತಿರಲಿಲ್ಲ. ಲೆಕ್ಕ ಇಲ್ಲ ಅಂದ್ರೆ ಕಾರ್ಡೂ ಇಲ್ಲ. ಜಾಶ್ ಗಿಬ್ಸನ್ ಎಂಬ ಕ್ಯಾಚರ್ ಹೊಡೆದ ಹೊಡೆತಗಳ ಬಗ್ಗೆ ದಂತಕತೆಗಳಿದ್ದವು, ಆದರೆ ದಂತಕತೆಯನ್ನು ದಾಳಕ್ಕೆ ಹೊಂದಿಸೋದು ಹೇಗೆ? ರಾಬಿನ್ಸನ್ ಬರುವ ಮೂರು ತಿಂಗಳ ಮೊದಲು, ಜನವರಿಯಲ್ಲಿ, ಗಿಬ್ಸನ್ 35ನೇ ವಯಸ್ಸಿಗೇ ತೀರಿಹೋದ.

ಹಳೇ ಪತ್ರಿಕೆಗಳನ್ನು ಕೆದಕಿ, ಒಂದೊಂದೇ ಬಾಕ್ಸ್ ಸ್ಕೋರ್ ಕೂಡಿಸಿದ ಸಂಶೋಧಕರು ದಶಕಗಳ ನಂತರ ಆ ಲೆಕ್ಕವನ್ನು ಮರಳಿ ಕಟ್ಟಿದರು. 2009ರಲ್ಲಿ ಸ್ಟ್ರ್ಯಾಟ್-ಓ-ಮ್ಯಾಟಿಕ್ ನೀಗ್ರೋ ಲೀಗ್ ತಾರೆಯರ ಕಾರ್ಡುಗಳನ್ನು ಹೊರತಂದಿತು. ಅಮೆರಿಕದ ಅಧಿಕೃತ ಬೇಸ್‌ಬಾಲ್ ಸಂಸ್ಥೆ ಆ ಅಂಕಿಗಳನ್ನು ತನ್ನ ದಾಖಲೆಗೆ ಸೇರಿಸಿಕೊಂಡದ್ದು 2024ರ ಮೇ ತಿಂಗಳಲ್ಲಿ, ಆಟದ ಕಂಪನಿಗಿಂತ ಹದಿನೈದು ವರ್ಷ ತಡವಾಗಿ. ಅವತ್ತು ಗಿಬ್ಸನ್‌ನ ಸರಾಸರಿ 0.372 ಟೈ ಕಾಬ್‌ನ 0.367ನ್ನು ದಾಟಿ ಸಾರ್ವಕಾಲಿಕ ಮೊದಲ ಸ್ಥಾನಕ್ಕೆ ಹೋಯಿತು.

ಲೆಫ್ಟಿ ಗ್ರೋವ್ 1930ರ ದಶಕದ ಬಿಳಿಯ ಪಿಚರ್‌ಗಳಲ್ಲಿ ದೊಡ್ಡ ಹೆಸರು. ದೊಡ್ಡ ಲೀಗಿನ ಒಂದು ಪಂದ್ಯದಲ್ಲೂ ಅವನು ಗಿಬ್ಸನ್‌ಗೆ ಚೆಂಡೆಸೆಯಬೇಕಾಗಿ ಬರಲಿಲ್ಲ. ಈಗ ಯಾರದೋ ಊಟದ ಮೇಜಿನ ಮೇಲೆ ಇಬ್ಬರನ್ನೂ ಎದುರುಬದುರು ನಿಲ್ಲಿಸಬಹುದು. ಮೊದಲ ದಾಳ ಮೂರರೊಳಗೆ ಬಿದ್ದರೆ ಗಿಬ್ಸನ್‌ನ ಕಾರ್ಡು, ಮೂರು ದಾಟಿದರೆ ಗ್ರೋವ್‌ನದು.