ಅಳು, ಸಿಟ್ಟಿಗೂ ಅಳತೆಗೋಲು

ಬಸ್ಸಿನ ಹಾರ್ನ್ ಕೇಳಿದೊಡನೆ ಕಿವಿ ಮುಚ್ಚಿ ಕಿರಿಚುವ ಮಗುವನ್ನು ಕಂಡರೆ 'ಹಟಮಾರಿ' ಎಂದುಬಿಡುವವರೇ ಹೆಚ್ಚು. ಆಟಿಸಂ ಇರುವ ಮಗುವಾದರೆ ಅದು ಹಟವಲ್ಲ. ಉಕ್ಕಿಬಂದ ಭಾವನೆಯನ್ನು ಹದಕ್ಕೆ ತರಲಾಗದ ಸಂಕಟ. ಇಂಥ ಸಂಕಟವನ್ನು ಅಳೆಯುವುದೆಂತು?

1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವೃತ್ತಾಂತ ಬರೆದು ಈ ಸ್ಥಿತಿಯನ್ನು ಪ್ರತ್ಯೇಕವಾಗಿ ಗುರುತಿಸಿದರು. ಮುಂದೆ ಬಹುಕಾಲ ತಾಯಂದಿರ 'ತಣ್ಣನೆಯ' ಸ್ವಭಾವವೇ ಕಾರಣವೆಂಬ ವಾದ ನಡೆಯಿತು. ಎಷ್ಟು ತಾಯಂದಿರು ಆ ಅಪವಾದ ಹೊತ್ತರೋ! 1964ರಲ್ಲಿ ಬರ್ನಾರ್ಡ್ ರಿಮ್ಲೆಂಡ್ ಬರೆದ ಪುಸ್ತಕ ಆ ವಾದಕ್ಕೆ ಬಲವಾದ ಪೆಟ್ಟು ಕೊಟ್ಟಿತು.

ಕನ್ನಡ ಮಕ್ಕಳ ಮನಸ್ಸನ್ನು ಅಳೆಯುವ ಯತ್ನ ಹೊಸತೇನಲ್ಲ. ಫ್ರಾನ್ಸಿನ ಬಿನೆ ಪರೀಕ್ಷೆಯನ್ನು ವಿ.ವಿ. ಕಾಮತ್ ಕನ್ನಡ, ಮರಾಠಿಗಳಿಗೆ ಒಗ್ಗಿಸಿದ್ದರು. ಅವರ ಪುಸ್ತಕ 1940ರಲ್ಲಿ ಬಂತು. ಆದರೆ ಅದು ಬುದ್ಧಿಯ ಅಳತೆ. ಆಟಿಸಂಗೆಂದೇ ಭಾರತೀಯ ಮಾಪನವೊಂದು ಸಿದ್ಧವಾದುದು 2009ರಲ್ಲಿ, ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ. 'ಐಸಾ' ಎಂದು ಕರೆಯುವ ಇದರಲ್ಲಿ 40 ಅಂಶಗಳು. ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆಯಿದ್ದರೆ ಆಟಿಸಂ ಇಲ್ಲ, 153 ಮೀರಿದರೆ ತೀವ್ರ ಎಂಬ ಲೆಕ್ಕ. 2016ರಲ್ಲಿ ಕೇಂದ್ರ ಸರಕಾರ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಇದನ್ನೇ ಗೊತ್ತುಪಡಿಸಿತು. ಸವಲತ್ತುಗಳ ಬಾಗಿಲು ತೆರೆಯುವುದು ಈ ಪ್ರಮಾಣಪತ್ರದಿಂದ. ಆದ್ದರಿಂದ ಒಂದೆರಡು ಅಂಕವೂ ಸಣ್ಣ ಮಾತಲ್ಲ.

ನಲವತ್ತರಲ್ಲಿ ಭಾವನೆಗೆ ಮೀಸಲಾದವು ಐದೇ. ಸಂದರ್ಭಕ್ಕೆ ಒಗ್ಗದ ಭಾವನೆ, ಅತಿರೇಕ, ಅಪಾಯದ ಭಯವಿಲ್ಲದಿರುವುದು, ಕಾರಣ ಕಾಣದೆ ಉದ್ರೇಕಗೊಳ್ಳುವುದು, ಹೀಗೆ. ಈ 'ಕಾರಣ ಕಾಣದೆ' ಎಂಬುದೇ ತೊಡಕಿನದು. ಕಾಪುವಿನಲ್ಲಿ ಕೋಲದ ರಾತ್ರಿ ಗರ್ನಾಲು ಸಿಡಿದು ಮರುದಿನವೆಲ್ಲ ಮಗು ರಂಪ ಮಾಡಿದರೆ ಕಾರಣವಿಲ್ಲವೆನ್ನಬಹುದೇ? ಕಾಣದಿರುವುದು ನಮಗೆ.

ಅಮೆರಿಕದ ಕಾರ್ಲಾ ಮಜೆಫ್ಸ್ಕಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಬೇರೆ ಜಾಡು ಹಿಡಿದಿದೆ. ಕಳೆದ ಏಳು ದಿನಗಳಲ್ಲಿ ಮಗು ಎಷ್ಟು ಬೇಗ ಕೆರಳಿತು, ಸಮಾಧಾನವಾಗಲು ಎಷ್ಟು ಕಷ್ಟವಾಯಿತು ಎಂದು ಮನೆಯವರನ್ನೇ ಕೇಳುತ್ತದೆ. ಕೆರಳುವುದಕ್ಕೆ ಒಂದು ಲೆಕ್ಕ, ಮಂಕಾಗಿ ಕೂರುವುದಕ್ಕೆ ಇನ್ನೊಂದು. ಗದ್ದಲ ಮಾಡದೆ ಮೂಲೆ ಸೇರುವ ಮಗು ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಆದರೆ ಉತ್ತರ ಹೇಳಬೇಕಾದವರು ತಾಯಿ, ಅಜ್ಜಿ. ಉಡುಪಿ, ಕಾರ್ಕಳದ ಮನೆಗಳಲ್ಲಿ ಮಗುವಿನ ಸಿಟ್ಟು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ವರ್ಣನೆಯಾಗುತ್ತದೆ. ಮಣಿಪಾಲದ ಆಸ್ಪತ್ರೆಯ ಮೇಜಿಗೆ ಬರುವಾಗ ಅದು ಮೊದಲು ಕನ್ನಡವಾಗಿ, ಬಳಿಕ ಇಂಗ್ಲಿಷಾಗಿ, ಕಡೆಗೆ ಅಂಕವಾಗಬೇಕು.