ಮುನ್ನೂರು ಶಿಖರಗಳ ಗಿರಿ

ಬ್ಯಾಂಕಾಕ್ ನಗರದಿಂದ ದಕ್ಷಿಣಕ್ಕೆ ೨೦೦ ಕಿಲೊಮೀಟರಿಗೂ ಮಿಕ್ಕ ದೂರದಲ್ಲಿ, ಥಾಯ್ಲೆಂಡ್ ಕೊಲ್ಲಿಯ ಪಡುವಣ ದಡದಲ್ಲಿ, ಸಮತಟ್ಟಾದ ಕರಾವಳಿಯ ನಡುವೆ ಥಟ್ಟನೆ ತಲೆಯೆತ್ತಿ ನಿಂತಿರುವ ಸುಣ್ಣಕಲ್ಲಿನ ಬೆಟ್ಟಗಳ ಗುಂಪೊಂದುಂಟು. ಆ ನಾಡಿನವರು ಇದನ್ನು ‘ಖಾವ್ ಸಾಮ್ ರೋಯ್ ಯೋಟ್’ ಎಂದು ಕರೆಯುವರು. ಮುನ್ನೂರು ಶಿಖರಗಳ ಗಿರಿ ಎಂದು ಇದರ ಅರ್ಥ. ಶಿಖರಗಳನ್ನು ಒಂದೊಂದಾಗಿ ಎಣಿಸಿ ಇಟ್ಟ ಹೆಸರಿದೆಂದು ತೋರುವುದಿಲ್ಲ. ಸ್ಥಳದ ಐತಿಹ್ಯವು ಬೇರೆಯೇ ಕತೆಯನ್ನು ಹೇಳುತ್ತದೆ: ಹಿಂದೆ ಚೀನದ ಹಡಗೊಂದು ಇಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆಯಿತಂತೆ, ಈಜಿ ದಡ ಸೇರಿ ಬದುಕಿಕೊಂಡವರು ಮುನ್ನೂರು ಮಂದಿಯಂತೆ. ಥಾಯ್ ಭಾಷೆಯಲ್ಲಿ ‘ರೋಟ್’ ಎಂದರೆ ಪಾರಾಗುವುದು, ‘ಯೋಟ್’ ಎಂದರೆ ಶಿಖರ. ಪಾರಾದ ಮುನ್ನೂರೇ ಜನರ ನಾಲಗೆಯ ಮೇಲೆ ಸವೆದು ಮುನ್ನೂರು ಶಿಖರವಾಯಿತೆಂದು ಹೇಳುವವರುಂಟು. ಊರ ಹೆಸರಿಗೆ ಕತೆಯನ್ನು ಹೊಂದಿಸುವ ಚಪಲವು ನಮ್ಮ ನಾಡೊಂದಕ್ಕೇ ಸೇರಿದುದಲ್ಲ.

ಈ ಬೆಟ್ಟಗಳ ಕಲ್ಲು ಒಂದು ಕಾಲದಲ್ಲಿ ಕಡಲಿನ ತಳವಾಗಿದ್ದಿತು. ಇಪ್ಪತ್ತೈದು ಕೋಟಿ ವರ್ಷಗಳಿಗೂ ಹಿಂದೆ ಬದುಕಿ ಅಳಿದ ಸಮುದ್ರಜೀವಿಗಳ ಚಿಪ್ಪುಗಳು ಪದರಪದರವಾಗಿ ಕೂಡಿ, ಒತ್ತಡಕ್ಕೆ ಸಿಕ್ಕಿ, ಗಟ್ಟಿಗೊಂಡು ಮೇಲೆದ್ದುವು. ಗಾಳಿಯಲ್ಲಿರುವ ಅಂಗಾರಾಮ್ಲವನ್ನು ಹೀರಿದ ಮಳೆಯ ನೀರು ಇಂಥ ಕಲ್ಲನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆ. ಬಿರುಕು ಕಂಡಿಯಾಗುತ್ತದೆ, ಕಂಡಿ ಗವಿಯಾಗುತ್ತದೆ, ಕೊನೆಗೆ ಗವಿಯ ಸೂರೇ ಕುಸಿದು ಬೀಳುತ್ತದೆ. ಇಲ್ಲಿಯ ಎತ್ತರದ ಶಿಖರವೂ ೬೦೫ ಮೀಟರನ್ನು ಮೀರದು. ಆದರೆ ಕಡಲ ಮಟ್ಟದಿಂದಲೇ ನೆಟ್ಟಗೆ ಏಳುವುದರಿಂದ ಕಣ್ಣಿಗೆ ಅದು ಇಮ್ಮಡಿಯಾಗಿ ಕಾಣುತ್ತದೆ. ಬಂಡೆಯ ಇಳಿಜಾರುಗಳಲ್ಲಿ ಸೆರೋ ಎಂಬ, ಮೇಕೆಯನ್ನು ಹೋಲುವ ಕಾಡುಮೃಗವು ಸಂಚರಿಸುತ್ತದೆ. ಕಣ್ಣಿನ ಸುತ್ತ ಬಿಳಿಯ ಬಳೆಯಿಟ್ಟಂತಿರುವ ಮುಸುವಗಳು ಮರಗಳಲ್ಲಿ ಕುಳಿತು ನೋಡುತ್ತವೆ. ಅವುಗಳ ಎಳೆಮರಿಗಳ ಮೈಬಣ್ಣ ಮಾತ್ರ ಕಿತ್ತಳೆ. ಬೆಟ್ಟದ ಪಶ್ಚಿಮಕ್ಕೆ ಜೊಂಡು ತಾವರೆಗಳು ತುಂಬಿದ ವಿಶಾಲವಾದ ಸಿಹಿನೀರಿನ ಜೌಗು ನೆಲವಿದೆ. ನೇರಳೆ ಬಕಗಳೂ ಜಂಬುಕೋಳಿಗಳೂ ಚಳಿಗಾಲದಲ್ಲಿ ದೂರ ದೇಶಗಳಿಂದ ಬರುವ ಹಕ್ಕಿಗಳೂ ಅಲ್ಲಿ ಕಾಣಸಿಗುತ್ತವೆ.

ಆದರೆ ಈ ಸೀಮೆಯ ಹೆಸರು ಚರಿತ್ರೆಯಲ್ಲಿ ನಿಂತಿರುವುದು ಒಂದು ಗ್ರಹಣದಿಂದ. ಬೆಟ್ಟಗಳಿಗೆ ದಕ್ಷಿಣದಲ್ಲಿ, ಅದೇ ಪ್ರಚುಆಪ್ ಖೀರಿ ಖಾನ್ ಪ್ರಾಂತದಲ್ಲಿ, ವಾ ಕೋ ಎಂಬ ಕಡಲತಡಿಯ ಹಳ್ಳಿಯಿದೆ. (ಪ್ರಾಂತದ ಹೆಸರಿನ ‘ಖೀರಿ’ ನಮ್ಮ ‘ಗಿರಿ’ಯೇ.) ೧೮೬೮ನೆಯ ಇಸವಿಯ ಆಗಸ್ಟ್ ೧೮ರಂದು ಇಲ್ಲಿ ಸೂರ್ಯನಿಗೆ ಖಗ್ರಾಸ ಗ್ರಹಣವಾಗುವುದೆಂದು ಮೊದಲೇ ಲೆಕ್ಕಹಾಕಿ ಸಾರಿದವನು ಸಯಾಮಿನ ಅರಸನಾದ ಮೋಂಗ್ಕುಟನು. ಪಟ್ಟವೇರುವುದಕ್ಕೆ ಮುಂಚೆ ಈತನು ೨೭ ವರ್ಷ ಬೌದ್ಧ ಭಿಕ್ಷುವಾಗಿದ್ದವನು. ಆ ಕಾಲದಲ್ಲಿಯೇ ಲ್ಯಾಟಿನ್, ಇಂಗ್ಲಿಷ್ ಭಾಷೆಗಳನ್ನೂ ಪಾಶ್ಚಾತ್ಯರ ಖಗೋಳಗಣಿತವನ್ನೂ ಕಲಿತಿದ್ದನು. ಸಯಾಮಿನವರಿಗೂ ಗ್ರಹಣವೆಂದರೆ ರಾಹುವು ಸೂರ್ಯನನ್ನು ನುಂಗುವುದೇ ಆಗಿದ್ದಿತು. ರಾಜನು ರಾಹುವನ್ನು ಬಿಟ್ಟು ಅಂಕಗಳನ್ನು ನಂಬಿದನು.

ಇದನ್ನು ವಿನೋದಪ್ರಿಯನಾದ ದೊರೆಯೊಬ್ಬನ ಹವ್ಯಾಸವೆಂದು ಎಣಿಸುವುದು ಸರಿಯಾಗದು. ಪಶ್ಚಿಮದಲ್ಲಿ ಬರ್ಮಾದ ದಕ್ಷಿಣ ಭಾಗವನ್ನು ನುಂಗಿದ ಬ್ರಿಟಿಷರು, ಪೂರ್ವದಲ್ಲಿ ಕಾಂಬೋಡಿಯದವರೆಗೂ ಕೈಚಾಚಿದ್ದ ಫ್ರೆಂಚರು, ಇವರಿಬ್ಬರ ನಡುವೆ ಸಯಾಮ್ ಇಕ್ಕುಳದಲ್ಲಿ ಸಿಕ್ಕ ಅಡಕೆಯಂತಿದ್ದಿತು. ೧೮೫೫ರಲ್ಲಿ ಬ್ರಿಟಿಷರೊಡನೆ ಮಾಡಿಕೊಂಡ ಒಪ್ಪಂದದಿಂದ ಸುಂಕ ನ್ಯಾಯಗಳ ಎಷ್ಟೋ ಅಧಿಕಾರವು ಅರಸನ ಕೈತಪ್ಪಿ ಹೋಗಿದ್ದಿತು. ಅಜ್ಞಾನಿಗಳ ನಾಡನ್ನು ಉದ್ಧರಿಸುವುದಕ್ಕಾಗಿ ಬಂದೆವೆಂಬುದು ಅಂದಿನ ಯೂರೋಪಿನವರು ಮುಂದಿಡುತ್ತಿದ್ದ ನೆಪ. ಆ ನೆಪಕ್ಕೆ ಮೋಂಗ್ಕುಟನು ಕೊಟ್ಟ ಉತ್ತರವೇ ಈ ಗಣಿತ. ಸಿಂಗಪುರದಿಂದ ಬ್ರಿಟಿಷ್ ಗವರ್ನರ್ ಸರ್ ಹ್ಯಾರಿ ಆರ್ಡನನ್ನು ಪತ್ನೀಸಮೇತನಾಗಿ ಆಹ್ವಾನಿಸಿದನು. ಫ್ರಾನ್ಸಿನಿಂದ ಸ್ಟೆಫಾನನ ಮುಖಂಡತ್ವದಲ್ಲಿ ಖಗೋಳಜ್ಞರ ತಂಡವೊಂದು ಬಂದಿಳಿಯಿತು. ಕಾಡನ್ನು ಕಡಿಸಿ, ಅರಸನಿಗೂ ಅತಿಥಿಗಳಿಗೂ ತಾತ್ಕಾಲಿಕ ಬಿಡಾರಗಳನ್ನು ಕಟ್ಟಿದರು. ಅಂದು ಬೆಳಗ್ಗೆ ಮೋಡ ಕವಿದಿದ್ದರೂ ಪೂರ್ಣಗ್ರಾಸದ ವೇಳೆಗೆ ಆಕಾಶವು ತೆರವಾಯಿತು. ಆರೂವರೆ ನಿಮಿಷಗಳಿಗೂ ಹೆಚ್ಚು ಕಾಲ ನಡುಹಗಲಿಗೆ ಕತ್ತಲೆ ಮುಸುಕಿತು. ಅರಸನ ಲೆಕ್ಕವು ದಿಟವಾಯಿತು.

ಅದೇ ನೆರಳು ಸಯಾಮನ್ನು ಮುಟ್ಟುವುದಕ್ಕೆ ಮೊದಲು ಕನ್ನಡನಾಡನ್ನು ದಾಟಿಹೋಗಿದ್ದಿತೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಜಮಖಂಡಿಯಲ್ಲಿ ಪ್ರಸಿದ್ಧ ಖಗೋಳಜ್ಞನಾದ ಸರ್ ಜಾನ್ ಹರ್ಷೆಲನ ಮಗ ಲೆಫ್ಟೆನೆಂಟ್ ಹರ್ಷೆಲನು ವರ್ಣಪಟಲದರ್ಶಕವನ್ನು ಹೂಡಿಕೊಂಡು, ಮೋಡಗಳ ಎಡೆಯಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಪ್ರಕಾಶರೇಖೆಗಳನ್ನು ಕಂಡನು. ಬಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ಎಂಬವನು ನೋಡಿದನು; ಗುಂಟೂರಿನಲ್ಲಿ ಫ್ರೆಂಚರ ಜಾನ್ಸೆನ್ ನೋಡಿದನು. ಆ ರೇಖೆಗಳಲ್ಲಿ ಹಳದಿಯದೊಂದು ಭೂಮಿಯಲ್ಲಿ ಅಂದಿಗೆ ತಿಳಿದಿದ್ದ ಯಾವ ಧಾತುವಿಗೂ ಸೇರದೆಂಬುದು ಮುಂದಿನ ಶೋಧನೆಗಳಿಂದ ಗೊತ್ತಾಗಿ, ಹೀಲಿಯಮ್ ಎಂಬ ಹೆಸರು ಹುಟ್ಟಿತು.

ಸಯಾಮಿನಲ್ಲಿ ಆದುದೇ ಬೇರೆ. ವಾ ಕೋದ ಕಾಡು ಚಳಿಜ್ವರದ ನೆಲೆ. ಸೊಳ್ಳೆಯಿಂದ ಆ ಜ್ವರವು ಹರಡುವುದೆಂಬ ರಹಸ್ಯವನ್ನು ರೊನಾಲ್ಡ್ ರಾಸನು ಸಿಕಂದರಾಬಾದಿನಲ್ಲಿ ಹೊರಗೆಡಹಿದ್ದು ೧೮೯೭ರಲ್ಲಿ. ಅದಕ್ಕೆ ಆಗ ಇನ್ನೂ ೨೯ ವರ್ಷವಿದ್ದಿತು. ಬ್ಯಾಂಕಾಕಿಗೆ ಮರಳಿದ ಅರಸನೂ ಜೊತೆಗಿದ್ದ ಮಗನಾದ ಚುಲಾಲೊಂಗ್‌ಕೋರ್ನನೂ ಮಲಗಿದರು. ಅಕ್ಟೋಬರ್ ೧ರಂದು ಮೋಂಗ್ಕುಟನು ತೀರಿಕೊಂಡನು. ಸೂರ್ಯಚಂದ್ರರ ನಡೆಯನ್ನು ಕ್ಷಣಕ್ಕೆ ಸರಿಯಾಗಿ ಅಳೆದವನಿಗೆ ಕಿವಿಯ ಬಳಿ ಗುಂಯ್‌ಗುಡುವ ಹುಳುವಿನ ಲೆಕ್ಕ ಸಿಕ್ಕಲಿಲ್ಲ. ಹುಡುಗನು ಹೇಗೋ ಉಳಿದುಕೊಂಡನು. ಅವನು ಉಳಿಯದೆ ಹೋಗಿದ್ದರೆ ಸಯಾಮಿನ ಗತಿ ಏನಾಗುತ್ತಿದ್ದಿತೋ! ಮುಂದೆ ೪೨ ವರ್ಷ ಆಳಿ, ಜೀತಪದ್ಧತಿಯನ್ನು ತೆಗೆದುಹಾಕಿ, ಗಡಿಯ ಸೀಮೆಗಳನ್ನು ಬಿಟ್ಟುಕೊಟ್ಟಾದರೂ ನಾಡಿನ ಸ್ವಾತಂತ್ರ್ಯವನ್ನು ಉಳಿಸಿಕೊಂಡವನು ಇವನೇ.

ತಂದೆಯ ಪ್ರಾಣವನ್ನು ಕೊಂಡು ತನ್ನನ್ನು ಬಿಟ್ಟ ಆ ಕರಾವಳಿಗೆ ಚುಲಾಲೊಂಗ್‌ಕೋರ್ನನು ೧೮೯೦ರಲ್ಲಿ ಅರಸನಾಗಿ ಬಂದನು. ಮುನ್ನೂರು ಶಿಖರಗಳ ಗಿರಿಯಲ್ಲಿ ಫ್ರಯಾ ನಕೋನ್ ಎಂಬ ಗವಿಯಿದೆ. ನಕೋನ್ ಸೀ ಥಮ್ಮರಾಟಿನ ಅಧಿಪತಿಯೊಬ್ಬನು ಬಿರುಗಾಳಿಗೆ ಹೆದರಿ ದಡ ಹತ್ತಿದಾಗ ಇದನ್ನು ಕಂಡನೆಂದು ಹೇಳಿಕೆ. ಅರಸನ ಭೇಟಿಗಾಗಿ ಬ್ಯಾಂಕಾಕಿನಲ್ಲಿ ಮರದ ಮಂಟಪವೊಂದನ್ನು ಬಿಡಿಬಿಡಿಯಾಗಿ ಮಾಡಿಸಿ, ಇಲ್ಲಿಗೆ ಸಾಗಿಸಿ, ಗವಿಯ ಒಳಗೆ ಜೋಡಿಸಿದರು. ‘ಕೂಹಾ ಕರುಹಾಟ್’ ಎಂಬ ಅದರ ಹೆಸರಿನಲ್ಲಿ ನಮ್ಮ ಗುಹಾ, ಗೃಹ ಶಬ್ದಗಳು ಅಡಗಿವೆ. ಎಂಟು ಮೀಟರ್ ಉದ್ದದ ಚಿಕ್ಕ ಕಟ್ಟಡವದು; ಆದರೆ ಅದನ್ನು ಇಟ್ಟ ಸ್ಥಳದ ಆಯ್ಕೆಯಲ್ಲಿಯೇ ಜಾಣತನವೆಲ್ಲ ಇದೆ. ಗವಿಯ ಸೂರು ಕುಸಿದು ಆಕಾಶ ಕಾಣುವ ಕಡೆ ಮಣ್ಣು ಕೂಡಿ ಮರಗಳು ಬೆಳೆದಿವೆ. ಬೆಳಗಿನ ಹತ್ತೂವರೆಯಿಂದ ಹನ್ನೊಂದೂವರೆಯವರೆಗೆ ಬಿಸಿಲುಕೋಲು ಆ ತೆರಪಿನಿಂದ ಇಳಿದು ಮಂಟಪದ ಮೇಲೆಯೇ ಬೀಳುತ್ತದೆ. ೧೯೨೬ರಲ್ಲಿ ಬಂದ ಏಳನೆಯ ರಾಮನು ಗವಿಯ ಗೋಡೆಯಲ್ಲಿ ತನ್ನ ಅಂಕಿತವನ್ನು ಬಿಟ್ಟುಹೋಗಿದ್ದಾನೆ. ಆರು ವರ್ಷಗಳ ಮೇಲೆ ಅವನೇ ನಿರಂಕುಶ ರಾಜತ್ವವನ್ನು ಬಿಟ್ಟುಕೊಡಬೇಕಾಯಿತು.

ಇಲ್ಲಿಗೆ ಹೋಗುವ ದಾರಿ ಇಂದಿಗೂ ಅರಸರಿಗೂ ಆಳುಗಳಿಗೂ ಒಂದೇ. ಬಾಂಗ್ ಪೂ ಹಳ್ಳಿಯಿಂದ ದೋಣಿಯಲ್ಲಿ ಸುತ್ತಿ ಹೋಗಬೇಕು, ಇಲ್ಲವೆ ಗುಡ್ಡವನ್ನು ನಡೆದು ದಾಟಬೇಕು. ಗಾಳಿಮರಗಳ ನೆರಳಿನ ಲೇಮ್ ಸಾಲಾ ತಡಿಯಿಂದ ೪೩೦ ಮೀಟರುಗಳ ಕಡಿದಾದ ಕಲ್ಲುದಾರಿಯನ್ನು ಏರಬೇಕು. ಆ ದೂರವನ್ನು ಕೇಳಿ ನಗುವವರು ಅರ್ಧ ಹತ್ತಿದ ಮೇಲೆ ನಗುವುದಿಲ್ಲ.

೧೯೬೬ರಲ್ಲಿ ಸರಕಾರವು ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿತು. ಕಡಲತೀರದ ಉದ್ಯಾನಗಳಲ್ಲಿ ಆ ದೇಶಕ್ಕೆ ಇದೇ ಮೊದಲನೆಯದು. ಇಂದು ಅದರ ವಿಸ್ತಾರ ಸುಮಾರು ೯೮ ಚದರ ಕಿಲೊಮೀಟರು. ಬೆಟ್ಟವು ತನ್ನ ಕಡಿದುತನದಿಂದಲೇ ತನ್ನನ್ನು ಕಾಯ್ದುಕೊಂಡಿತು. ಜೌಗು ನೆಲಕ್ಕೆ ಅಂಥ ಕೋಟೆಯಿರಲಿಲ್ಲ. ೧೯೮೦ರ ದಶಕದ ಕೊನೆಯಿಂದ ಸಿಗಡಿ ಸಾಕುವವರು ಅಲ್ಲಿಗೆ ನುಗ್ಗಿದರು. ವಿದೇಶದ ಮಾರುಕಟ್ಟೆಯಲ್ಲಿ ಸಿಗಡಿಗೆ ಬಂಗಾರದ ಬೆಲೆ. ಕಾನೂನು ಕಾಗದದ ಮೇಲಿದ್ದಿತು, ಹಾರೆ ನೆಲದ ಮೇಲಿದ್ದಿತು. ಕಾಂಡ್ಲಾ ಗಿಡಗಳನ್ನು ಕಡಿದರು, ಜೊಂಡನ್ನು ಕಿತ್ತರು, ಸಿಹಿನೀರಿನ ಮಗ್ಗುಲಿಗೆ ಉಪ್ಪುನೀರನ್ನು ತಂದು ಕಟ್ಟಿದರು. ಕೆಲವು ವರ್ಷಗಳಲ್ಲಿ ಕೊಳಗಳು ಹೊಲಸಾಗಿ, ಸಿಗಡಿಗೆ ರೋಗ ತಗುಲಿ, ಎಷ್ಟೋ ಕೊಳಗಳನ್ನು ಹಾಗೆಯೇ ಬಿಟ್ಟು ನಡೆದರು. ೨೦೦೮ರಲ್ಲಿ ಈ ಜೌಗು ನೆಲವು ರಾಮ್ಸಾರ್ ಒಡಂಬಡಿಕೆಯ ಪಟ್ಟಿಗೆ ಸೇರಿತು. ಈಗ ತಾವರೆಗಳ ನಡುವೆ ಮರದ ಹಲಗೆಯ ಕಾಲುದಾರಿ ಹಾಕಿದ್ದಾರೆ. ಅದರ ಮೇಲೆ ನಿಂತವರಿಗೆ ಮುನ್ನೂರು ಶಿಖರಗಳ ಪಡುವಣ ಗೋಡೆಯು ನೀರಿನಲ್ಲಿ ತಲೆಕೆಳಗಾಗಿ ಕಾಣಿಸುತ್ತದೆ.